ಕೃಷ್ಣಾ ನಿಲ್ದಾಣದ ರೈಲು ಸೇತುವೆ: ನದಿ ಗಡಿಯಾದ ಬಗೆ

ವಾಡಿಯಿಂದ ರಾಯಚೂರಿಗೆ ಸಾಗುವ ರೈಲುಮಾರ್ಗವು ಸೈದಾಪುರದ ಬಳಿಕ ಕರ್ನಾಟಕವನ್ನು ಬಿಟ್ಟು ಇಂದಿನ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯನ್ನು ಪ್ರವೇಶಿಸುತ್ತದೆ. ಚೇಗುಂಟ, ಕೃಷ್ಣಾ ನಿಲ್ದಾಣಗಳನ್ನು ಹಾದು, ನದಿಯ ಸೇತುವೆಯನ್ನು ದಾಟಿ ಮತ್ತೆ ಕರ್ನಾಟಕಕ್ಕೆ ಮರಳುತ್ತದೆ. ಈ ಸೇತುವೆಯನ್ನು ಎರಡು ಭಾಷಾಪ್ರದೇಶಗಳ ನಡುವಣ ಕೊಂಡಿಯೆಂದು ಬಣ್ಣಿಸುವುದು ಸುಲಭ. ಚರಿತ್ರೆ ಆ ವರ್ಣನೆಯನ್ನು ಒಪ್ಪುವುದಿಲ್ಲ.

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1860ರಲ್ಲಿ ಸೊಲ್ಲಾಪುರವನ್ನು ತಲುಪಿತ್ತು. 1871ರಲ್ಲಿ ಅದು ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. ಈ ಸಂಗಮಕ್ಕೆ ಉತ್ತರದಲ್ಲಿ ಕೃಷ್ಣೆಯನ್ನೂ ದಕ್ಷಿಣದಲ್ಲಿ ತುಂಗಭದ್ರೆಯನ್ನೂ ದಾಟಬೇಕಿತ್ತು. ಬ್ರಿಟನ್ನಿನಲ್ಲಿ ಸೇತುವೆ ನಿರ್ಮಾಣಕ್ಕೆ ಉಕ್ಕನ್ನು ಬಳಸಲು ಅನುಮತಿ ದೊರೆತದ್ದು 1877ರಲ್ಲಿ. ಆದುದರಿಂದ ಈ ಮಾರ್ಗವು ಕಬ್ಬಿಣದ ತೊಲೆಗಳ ಯುಗಕ್ಕೆ ಸೇರಿದ್ದು. ಆ ಕಾಲದ ಟ್ರಸ್ ಸೇತುವೆಗಳ ಬಿಡಿಭಾಗಗಳು ಹಡಗಿನಲ್ಲಿ ಬಂದು ನದಿಯ ದಡದಲ್ಲಿ ರಿವೆಟ್ಟುಗಳಿಂದ ಜೋಡಣೆಗೊಳ್ಳುತ್ತಿದ್ದವು. ತ್ರಿಕೋನಗಳ ಎಳೆತ ಮತ್ತು ಒತ್ತಡಗಳ ಮೂಲಕ ರೈಲಿನ ಭಾರ ಕಂಬಗಳಿಗೆ ಇಳಿಯುತ್ತಿತ್ತು. ಮುಂದೆ ಎಂಜಿನ್ನುಗಳ ತೂಕ ಹೆಚ್ಚಿದಂತೆ ಇಂಥ ಹಲವು ಸೇತುವೆಗಳಲ್ಲಿ ಉಕ್ಕಿನ ತೊಲೆಗಳು ಹಳೆಯ ಕಬ್ಬಿಣದ ಸ್ಥಾನವನ್ನು ಪಡೆದವು.

ಆಗ ಎರಡು ದಡಗಳೂ ನಿಜಾಮನ ಆಳ್ವಿಕೆಯಲ್ಲಿದ್ದವು. ಆದರೆ ಅದಕ್ಕೆ ಕೆಲವೇ ವರ್ಷ ಮೊದಲು ಸ್ಥಿತಿ ಬೇರೆಯಾಗಿತ್ತು. 1853ರ ಒಪ್ಪಂದದಂತೆ ದಕ್ಷಿಣದ ರಾಯಚೂರು ದೋಆಬ್ ಬ್ರಿಟಿಷರ ವಶಕ್ಕೆ ಹೋಗಿ 1860ರಲ್ಲಿ ಹಿಂದಿರುಗಿತ್ತು. ಆ ಏಳು ವರ್ಷ ಕೃಷ್ಣೆ ಗಡಿಯಾಗಿತ್ತು. ಮರುಕ್ಷಣ ಬರಿಯ ನದಿಯಾಯಿತು. 1956ರ ಪುನರ್ವಿಂಗಡಣೆಯಲ್ಲಿ ಅದು ಇನ್ನೊಮ್ಮೆ ಗಡಿಯಾಯಿತು. ಆಗ ರಾಯಚೂರು ಜಿಲ್ಲೆಯಿಂದ ಆಲಂಪುರ, ಗದ್ವಾಲ ತಾಲೂಕುಗಳನ್ನೂ ಗುಲಬರ್ಗಾದಿಂದ ಕೊಡಂಗಲ್, ತಾಂಡೂರು ತಾಲೂಕುಗಳನ್ನೂ ಬೇರ್ಪಡಿಸಲಾಯಿತು. ವಿಭಜನೆಯ ಘಟಕ ಹಳ್ಳಿಯಾಗಿರಲಿಲ್ಲ. ಮಖ್ತಲ್ ತಾಲೂಕಿನೊಳಗಿನ ಕನ್ನಡದ ಹಳ್ಳಿಗಳು ಮಹಬೂಬನಗರ ಜಿಲ್ಲೆಯೊಂದಿಗೇ ಆಂಧ್ರಪ್ರದೇಶಕ್ಕೆ ಸೇರಿದ್ದು ಹೀಗೆ.

ಇಂದಿನ ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ವ್ಯಾಪಾರಕ್ಕೂ ನೆಂಟಸ್ತನಕ್ಕೂ ರಾಯಚೂರೇ ಹತ್ತಿರ. ಇಲ್ಲಿ ಸೇತುವೆ ಭಾಷೆಯೊಂದನ್ನು ಇನ್ನೊಂದಕ್ಕೆ ಜೋಡಿಸುವುದಿಲ್ಲ. ಆಡಳಿತ ಬೇರ್ಪಡಿಸಿದ ಒಂದೇ ಭಾಷೆಯ ಎರಡು ದಡಗಳನ್ನು ಹಿಡಿದಿಟ್ಟಿದೆ. ಇದೇ ಹಳಿಯ ಮೇಲೆ ಸೊಲ್ಲಾಪುರ, ಅಕ್ಕಲಕೋಟೆ ರೋಡ್, ಆದವಾನಿಗಳೂ ಇವೆ. ಗಡಿನಾಡ ಕನ್ನಡವನ್ನು ನಾವು ರಾಜ್ಯವಾರು ವಿಂಗಡಿಸಿ, ಪ್ರತಿಯೊಂದನ್ನೂ ಕೇಂದ್ರದಿಂದ ದೂರವಾದ ಒಂಟಿ ಅಂಚೆಂದು ಓದುತ್ತ ಬಂದಿದ್ದೇವೆ. ಈ ಮಾರ್ಗದ ಗುಂಟ ಓದಿದರೆ ಅವು ಪರಸ್ಪರ ನೆರೆಯವು. ಮೂರು ರಾಜ್ಯಗಳಲ್ಲಿ ಪ್ರತ್ಯೇಕ ಅಲ್ಪಸಂಖ್ಯಾತರೆಂದು ಎಣಿಸಲ್ಪಡುವವರ ಶಾಲೆ, ಶಿಕ್ಷಕ, ಪಠ್ಯಗಳ ಬೇಡಿಕೆಗಳನ್ನು ಒಟ್ಟಿಗೆ ಕೇಳಿಸಿಕೊಳ್ಳಲು ಆ ಓದು ಅಗತ್ಯ.