ತಲೆಗೆ ಹತ್ತದ ವಿದ್ಯೆ

‘ಅವನಿಗೆ ವಿದ್ಯೆ ತಲೆಗೆ ಹತ್ತಲಿಲ್ಲ’ ಎಂಬ ಮಾತಿಗೆ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಬಹುಕಾಲ ಮರುಪ್ರಶ್ನೆ ಇರಲಿಲ್ಲ. ಯಾಕೆ ಹತ್ತಲಿಲ್ಲ, ಹತ್ತಿಸಲು ಯಾರು ಏನು ಮಾಡಿದರು ಎಂದು ಕೇಳುವವರಿಲ್ಲದೆ ಹುಡುಗ ಹಿಪ್ಪುನೇರಳೆ ತೋಟಕ್ಕೋ, ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆಗೋ, ಚಿಂತಾಮಣಿಯ ಮಂಡಿಗೋ ಹೊರಟುಬಿಡುತ್ತಿದ್ದ. ಇಂದು ಅಂಥ ಮಗುವಿಗೆ ಕಲಿಕೆಯ ತೊಡಕಿದೆ ಎಂದು ಅರಿತ ಅಪ್ಪ ಅಮ್ಮ ಖಾಸಗಿ ಹೈಸ್ಕೂಲುಗಳ ಬಾಗಿಲಿಗೆ ಎಡತಾಕುತ್ತಾರೆ. ಯಾವ ಶಾಲೆ ಕೈಹಿಡಿದೀತು ಎಂಬ ಅವರ ಪ್ರಶ್ನೆಗೆ ಗೇಟಿನ ಮೇಲಿನ ಫಲಿತಾಂಶದ ಫ್ಲೆಕ್ಸು ಉತ್ತರವಾಗಲಾರದು ಎಂಬುದು ನನ್ನ ವಾದ. ಈ ಭಾಗದಲ್ಲಿ ಹೈಸ್ಕೂಲು ಮೊದಲಿನಿಂದಲೂ ಜರಡಿಯ ಕೆಲಸ ಮಾಡಿಕೊಂಡು ಬಂದಿದೆ. ಫ್ಲೆಕ್ಸಿನಲ್ಲಿ ಕಾಣುವುದು ಜರಡಿಯ ಮೇಲೆ ಉಳಿದ ಕಾಳು ಮಾತ್ರ.

ಹೈಸ್ಕೂಲಿಗೂ ಮುಂಚೆ ನಮ್ಮ ಸೀಮೆಯ ಹಳ್ಳಿಗಳಲ್ಲಿದ್ದದ್ದು ಕೂಲಿಮಠ. ಹುಡುಗರನ್ನು ಹಗ್ಗಕ್ಕೆ ಜೋತುಬಿಡುವ ಕೋದಂಡದ ಶಿಕ್ಷೆಯಿಂದ ಕುಖ್ಯಾತವಾದ, ಹೆಣ್ಣುಮಕ್ಕಳಿಗೂ ದಲಿತರಿಗೂ ಬಹುಪಾಲು ಬಾಗಿಲು ಮುಚ್ಚಿಕೊಂಡಿದ್ದ ಆ ಮಠವನ್ನು ಹೊಗಳಲು ಏನೂ ಇಲ್ಲ ಎನಿಸಬಹುದು. ಆದರೂ ಅಲ್ಲಿ ಎರಡು ಸಂಗತಿಗಳಿದ್ದವು. ಒಂದು, ಮರಳಿನ ಮೇಲೆ ಬೆರಳಿಂದ ತಿದ್ದುವುದು: ಅಕ್ಷರವನ್ನು ಕಣ್ಣು, ಕೈ, ಬಾಯಿ ಮೂರೂ ಒಟ್ಟಿಗೆ ಕಲಿಯುತ್ತಿದ್ದವು. ಇನ್ನೊಂದು, ವಯಸ್ಸಿಗೆ ತಕ್ಕ ‘ಕ್ಲಾಸು’ ಇಲ್ಲದಿರುವುದು. ಕಾಗುಣಿತದಲ್ಲೇ ವರ್ಷ ಕಳೆದವನು ಮಗ್ಗಿ ಮುಗಿಸಿದವನ ಪಕ್ಕದಲ್ಲೇ ಕೂರುತ್ತಿದ್ದ. ಏಟು ತಿನ್ನಬಹುದಿತ್ತೇ ಹೊರತು ನಪಾಸಾಗಲು ಅಲ್ಲಿ ತರಗತಿಯೇ ಇರಲಿಲ್ಲ. ಓದು ಬಾರದ ಮಕ್ಕಳಿಗಾಗಿ ಗ್ರೇಸ್ ಫರ್ನಾಲ್ಡ್ 1921ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುಮಾಡಿದ ಕೇಂದ್ರದಲ್ಲಿ ಬಳಸಿದ ಮುಖ್ಯ ಉಪಾಯವೂ ಪದವನ್ನು ಬೆರಳಿಂದ ತಿದ್ದುತ್ತ ಉಚ್ಚರಿಸುವುದೇ. ನಾವು ಕೋದಂಡವನ್ನು ಬಿಟ್ಟದ್ದು ಸರಿ, ಮರಳನ್ನೂ ಬಿಟ್ಟೆವು.

ಆಮೇಲೆ ಬಂದದ್ದು ತರಗತಿಗಳ ಶಾಲೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರ ಕಾನೂನು ಮೈಸೂರು ಸಂಸ್ಥಾನದಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿ ಮಾಡಿತು, ಅದು ಪ್ರಾಥಮಿಕಕ್ಕಷ್ಟೇ. ಸ್ವತಃ ಅವರೂ ಚಿಕ್ಕಬಳ್ಳಾಪುರದ ಓದು ಮುಗಿಸಿ ಹೈಸ್ಕೂಲಿಗೆ ಬೆಂಗಳೂರಿಗೇ ಹೋಗಿದ್ದವರು. ಅರ್ಧ ಶತಮಾನದ ಮೇಲೂ ಸ್ಥಿತಿ ಹೆಚ್ಚು ಬದಲಾಗಿರಲಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯ 1935ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಹೋದರು. ಇಬ್ಬರನ್ನೂ ನಾವು ಛಲದ ಮಾದರಿಯಾಗಿ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದ್ದೇ. ಆದರೆ ಅದೇ ಕಥೆಯನ್ನು ಊರಿನ ಕಡೆಯಿಂದ ನೋಡಿದರೆ, ನಡೆಯಲಾರದವರು, ನಡೆದರೂ ಪುಸ್ತಕ ಬಿಡಿಸಿ ಓದಲಾರದವರು ಯಾವ ದಾಖಲೆಯಲ್ಲೂ ಉಳಿಯಲಿಲ್ಲ. ನರಸಿಂಹಯ್ಯನವರ ಕಾಲದಲ್ಲಿ ನ್ಯಾಷನಲ್ ಸಂಸ್ಥೆಗಳು ಗೌರಿಬಿದನೂರಿಗೆ, ಬಾಗೇಪಲ್ಲಿಗೆ ಬಂದು ದೂರದ ಜರಡಿಯನ್ನು ಕಿತ್ತುಹಾಕಿದವು. ಅಂಕದ ಜರಡಿ ಉಳಿಯಿತು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಈ ಜಿಲ್ಲೆ 2020ರ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದಿತು. ಹೆಮ್ಮೆಯ ವಿಷಯವೇ, ಆದರೆ ಅಂಥ ಹೆಮ್ಮೆ ಖಾಸಗಿ ಶಾಲೆಯ ಮೇಲೆ ಹೊರಿಸುವ ಭಾರ ಕೊನೆಗೆ ಇಳಿಯುವುದು ಒಂಬತ್ತನೇ ತರಗತಿಯ ಹಿಂದಿನ ಬೆಂಚಿನ ಮೇಲೆ.

‘ಹಿಂದೆ ಇಂಥ ಕಾಯಿಲೆಯೇ ಇರಲಿಲ್ಲ, ಇದು ಬೆಂಗಳೂರಿನ ಗೀಳು’ ಎನ್ನುವವರಿದ್ದಾರೆ. ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್, ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲದ, ಆದರೆ ಓದಲಾರದ 14 ವರ್ಷದ ಹುಡುಗನ ಬಗ್ಗೆ ಬರೆದದ್ದು 1896ರಲ್ಲಿ. ನಮ್ಮಲ್ಲಿ ಅದು ಇರಲಿಲ್ಲವೆಂದಲ್ಲ, ಓದಲೇಬೇಕಾದ ಒತ್ತಾಯ ಇರಲಿಲ್ಲ. ರೇಷ್ಮೆಗೂಡಿನ ಗುಣ ಕಣ್ಣಲ್ಲೇ ಅಳೆಯುವವನಿಗೆ ಒತ್ತಕ್ಷರ ಬಾರದಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಭಾಷೆಯದು. ಕೈವಾರದ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡಿದ ಸೀಮೆ ಇದು. ಮನೆಯಲ್ಲಿ ತೆಲುಗೋ ಉರ್ದುವೋ, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷು. ಮಗು ತಡವರಿಸಿದರೆ ಅದು ಭಾಷೆಯ ತೊಡಕೋ ಕಲಿಕೆಯ ತೊಡಕೋ? ಬೇರ್ಪಡಿಸುವುದು ಸುಲಭವಲ್ಲ, ನಿಜ. ಕನ್ನಡದ ಅಕ್ಷರಮಾಲೆಯನ್ನು ಪೂರ್ತಿ ವಶಮಾಡಿಕೊಳ್ಳಲು ಸಾಮಾನ್ಯ ಮಕ್ಕಳಿಗೂ ಹಲವು ವರ್ಷ ಹಿಡಿಯುತ್ತದೆಂದು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಹಾಗಾಗಿ ಎರಡನೇ ತರಗತಿಯಲ್ಲೇ ಹಣೆಪಟ್ಟಿ ಹಚ್ಚುವುದು ಅವಸರ. ಆದರೆ ಮೂರೂ ಭಾಷೆಗಳಲ್ಲಿ ಒಂದೇ ಬಗೆಯಲ್ಲಿ ಎಡವುತ್ತ ಎಂಟನೇ ತರಗತಿ ದಾಟಿದ ಮಗುವಿನ ವಿಷಯದಲ್ಲಿ ಇನ್ನೂ ಕಾಯೋಣ ಎನ್ನುವುದು ಕೈತೊಳೆದುಕೊಳ್ಳುವ ದಾರಿ.

ಕಾನೂನೂ ತಡವಾಗಿಯೇ ಎಚ್ಚೆತ್ತಿತು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಕಲಿಕಾ ನ್ಯೂನತೆ ಇರಲಿಲ್ಲ. 2016ರ ಕಾಯ್ದೆ 21 ಬಗೆಗಳಲ್ಲಿ ಅದನ್ನೂ ಸೇರಿಸಿತು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿಯಂಥ ಅನುಕೂಲಗಳನ್ನು ಅದರ 17ನೇ ಕಲಮು ಹೆಸರಿಸಿಯೇ ಹೇಳುತ್ತದೆ. ಮೂರು ಭಾಷೆಗಳ ನಡುವೆ ಬೆಳೆಯುವ ಚಿಂತಾಮಣಿಯ ಮಗುವಿಗೆ ಇದು ಸಣ್ಣ ಸಂಗತಿಯಲ್ಲ. ಇನ್ನೊಂದೆಡೆ, ಪ್ರವೇಶಕ್ಕೆ ಪರೀಕ್ಷೆ ಇಡಬಾರದೆನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಎಂಟನೇ ತರಗತಿಗೆ ನಿಂತುಬಿಡುತ್ತದೆ. ಟಿ.ಸಿ. ಕೊಟ್ಟು ಕಳಿಸುವ, ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸಿ ಎಂದು ಸಲಹೆ ಕೊಡುವ ಕಾಲ ಅಲ್ಲಿಂದಲೇ ಶುರು.

ಸಣ್ಣ ಊರಿನ ಶಾಲೆ ವಿಶೇಷ ಶಿಕ್ಷಕರನ್ನು ಎಲ್ಲಿಂದ ತರಬೇಕು ಎಂಬ ಆಡಳಿತ ಮಂಡಳಿಗಳ ಮಾತನ್ನು ತಳ್ಳಿಹಾಕಲಾಗದು. ಫೀಸು ಏರಿಸಿದರೆ ರೀಲರ್ ಮನೆಯ ಮಗು ಹೊರಗೇ ಉಳಿದೀತು. ಆದರೆ ಮೇಲೆ ಹೇಳಿದ ಅನುಕೂಲಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಅರ್ಜಿ, ಪ್ರಮಾಣಪತ್ರ ಮತ್ತು ಅದನ್ನು ಹಿಡಿದು ಓಡಾಡುವ ಮುಖ್ಯೋಪಾಧ್ಯಾಯರು. ಆದ್ದರಿಂದ ಶಾಲೆ ಆರಿಸುವವರು ಕೇಳಬೇಕಾದದ್ದು ಶೇಕಡಾವಾರನ್ನಲ್ಲ: ಎಂಟನೇ ತರಗತಿಯ ಹಾಜರಿ ಪುಸ್ತಕದಲ್ಲಿದ್ದ ಹೆಸರುಗಳಲ್ಲಿ ಎಷ್ಟು, ಎರಡು ವರ್ಷದ ಮೇಲೆ ಅದೇ ಶಾಲೆಯ ಹಾಲ್ ಟಿಕೆಟಿನಲ್ಲಿವೆ? ಭಾಷಾ ವಿನಾಯಿತಿಗೆ ಈ ಶಾಲೆ ಹಿಂದೆ ಒಮ್ಮೆಯಾದರೂ ಅರ್ಜಿ ಹಾಕಿದೆಯೇ? ಬೆಂಗಳೂರಿನ ವಿಶೇಷ ಶಾಲೆಗೇ ಸೇರಿಸಬಹುದಲ್ಲ ಎಂದರೆ, ಪರೀಕ್ಷಿಸಿ ಪ್ರಮಾಣಪತ್ರ ಪಡೆಯಲು ನಿಮ್ಹಾನ್ಸ್‌ಗೆ ಹೋಗಿಬರುವುದು ಬೇರೆ, ತಡವರಿಸುವ ಮಗುವನ್ನು ಹದಿಮೂರನೇ ವಯಸ್ಸಿಗೆ ಹಾಸ್ಟೆಲಿಗೆ ಹಾಕುವುದು ಬೇರೆ. ಹೊಸೂರಿನಿಂದ ಬಸವನಗುಡಿಗೆ ನಡೆದ ಹುಡುಗನಿಗೆ ಓದುವುದು ಗೊತ್ತಿತ್ತು.