ವೇಲಚೇರಿಯ ನೆರೆಯಲ್ಲಿ ಬ್ಲೂಸ್ಪೆಕ್

ಚೆನ್ನೈನ ವೇಲಚೇರಿಗೆ ಹೊಂದಿಕೊಂಡಿರುವ ಮದ್ರಾಸ್ ಐಐಟಿಯಲ್ಲಿ ವಿ. ಕಾಮಕೋಟಿ ಮತ್ತು ಸಂಗಡಿಗರು 2014ರ ಸುಮಾರಿಗೆ ‘ಶಕ್ತಿ’ ಎಂಬ ಮುಕ್ತ ಪ್ರೊಸೆಸರ್ ಯೋಜನೆಯನ್ನು ಕೈಗೆತ್ತಿಕೊಂಡಾಗ, ಅದನ್ನು ಯಾವ ಭಾಷೆಯಲ್ಲಿ ಬರೆಯಬೇಕೆಂಬುದು ಸಣ್ಣ ವಿಚಾರವಾಗಿರಲಿಲ್ಲ. ಚಿಪ್‌ನ ವಿನ್ಯಾಸವನ್ನೂ ಪ್ರೋಗ್ರಾಮಿನಂತೆ ಅಕ್ಷರಗಳಲ್ಲಿಯೇ ಬರೆಯಲಾಗುತ್ತದೆ. ಅದಕ್ಕೆ ಬಳಸುವ ಹಾರ್ಡ್‌ವೇರ್ ವಿವರಣಾ ಭಾಷೆಗಳಲ್ಲಿ, 1980ರ ದಶಕದಲ್ಲಿ ರೂಪುಗೊಂಡ ವೆರಿಲಾಗ್ ಮತ್ತು ವಿಎಚ್‌ಡಿಎಲ್‌ಗಳು ಉದ್ಯಮದಲ್ಲಿ ಬೇರೂರಿದ್ದವು. ಶಕ್ತಿ ತಂಡ ಆರಿಸಿಕೊಂಡದ್ದು ಇವೆರಡನ್ನೂ ಅಲ್ಲ, ಅನುಭವಿಗಳಲ್ಲಿ ಹೆಚ್ಚಿನವರು ಮುಟ್ಟಿಯೂ ನೋಡಿರದ ಬ್ಲೂಸ್ಪೆಕ್ ಅನ್ನು.

ಕಾನ್ಪುರ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಅರವಿಂದ್ ಅವರು 1990ರ ದಶಕದಲ್ಲಿ ಜೇಮ್ಸ್ ಹೋ ಅವರೊಡನೆ ನಡೆಸಿದ ಸಂಶೋಧನೆಯಲ್ಲಿ ಈ ಭಾಷೆಯ ಮೂಲವಿದೆ. ಅದಕ್ಕೆ ಮೊದಲ ರೂಪ ಕೊಟ್ಟ ಲೆನಾರ್ಟ್ ಆಗಸ್ಟ್‌ಸನ್ ಹ್ಯಾಸ್ಕೆಲ್ ಎಂಬ ಗಣಿತನಿಷ್ಠ ಭಾಷೆಯನ್ನು ಮಾದರಿಯಾಗಿಟ್ಟುಕೊಂಡರು. 2003ರಲ್ಲಿ ಬ್ಲೂಸ್ಪೆಕ್ ಕಂಪನಿ ಹುಟ್ಟಿದ ಬಳಿಕ, ವೆರಿಲಾಗ್‌ನಲ್ಲಿ ಪಳಗಿದ ಎಂಜಿನಿಯರುಗಳಿಗೆ ಆ ಬರವಣಿಗೆ ಒಗ್ಗುವುದಿಲ್ಲವೆಂಬ ಲೆಕ್ಕಾಚಾರದಿಂದ ಅದೇ ಭಾಷೆಗೆ ವೆರಿಲಾಗ್‌ನ ವಿಸ್ತೃತ ರೂಪವಾದ ಸಿಸ್ಟಮ್‌ವೆರಿಲಾಗ್‌ನ ಉಡುಪು ತೊಡಿಸಲಾಯಿತು. ಇದು ಜಾಣ ರಾಜಿಯೇ ಸರಿ, ಆದರೆ ಅರ್ಧ ರಾಜಿ: ಆವರಣ ಚಿಹ್ನೆಗಳು ಪರಿಚಿತವೆನಿಸಿದರೂ ಒಳಗಿನ ಆಲೋಚನೆ ಹೊಸದಾಗಿಯೇ ಉಳಿಯಿತು.

ಆ ಹೊಸತನ ಎಲ್ಲಿದೆಯೆಂಬುದು ಒಂದು ಚಿಕ್ಕ ಕೆಲಸದಲ್ಲೇ ಕಾಣುತ್ತದೆ. ಪ್ರೊಸೆಸರಿನ ಒಂದು ಹಂತವು ಆದೇಶವೊಂದನ್ನು ಮುಂದಿನ ಹಂತದ ಸರದಿಗೆ ಸೇರಿಸಬೇಕಾದಾಗ, ಸರದಿ ತುಂಬಿದೆಯೇ, ಬಂದ ಮಾಹಿತಿ ಸಿಂಧುವೇ ಎಂಬ ಸಂಕೇತಗಳನ್ನೆಲ್ಲ ವೆರಿಲಾಗ್‌ನಲ್ಲಿ ಎಂಜಿನಿಯರೇ ಬರೆದು ಹೆಣೆಯಬೇಕು; ಒಂದು ತಪ್ಪಿದರೆ ದೋಷ ಎಲ್ಲೋ ದೂರದಲ್ಲಿ ತಲೆಯೆತ್ತುತ್ತದೆ. ಬ್ಲೂಸ್ಪೆಕ್‌ನಲ್ಲಿ ವಿನ್ಯಾಸವನ್ನು ‘ರೂಲ್’ಗಳಾಗಿ, ಅಂದರೆ ಪೂರ್ತಿಯಾಗಿ ನಡೆಯುವ ಇಲ್ಲವೇ ನಡೆಯದೆಯೇ ಉಳಿಯುವ ಕ್ರಿಯೆಗಳಾಗಿ, ಬರೆಯಲಾಗುತ್ತದೆ. ಸರದಿ ತುಂಬಿದ್ದರೆ ಆ ರೂಲ್ ತಾನಾಗಿ ತಡೆದು ನಿಲ್ಲುತ್ತದೆ, ಎರಡು ರೂಲ್‌ಗಳು ಪರಸ್ಪರ ಅಡ್ಡಬಂದರೆ ಯಾವುದು ಮೊದಲೆಂಬ ಏರ್ಪಾಟನ್ನು ಕಂಪೈಲರ್, ಅಂದರೆ ಬರೆದ ವಿನ್ಯಾಸವನ್ನು ಅನುವಾದಿಸುವ ತಂತ್ರಾಂಶ, ಮಾಡುತ್ತದೆ. ಗಡಿಯಾರದ ಪ್ರತಿ ಮಿಡಿತದಲ್ಲೂ ಏನಾಗುತ್ತದೆಂದು ತಾನೇ ನಿರ್ಧರಿಸಿ ರೂಢಿಯಾದವನಿಗೆ ಈ ಅಧಿಕಾರ ಬಿಟ್ಟುಕೊಡುವುದು ಕಷ್ಟ, ಮತ್ತು ಆ ಹಿಂಜರಿಕೆ ಬರೀ ಮೊಂಡುತನವಲ್ಲ.

ಆ ಹಿಂಜರಿಕೆಯನ್ನು ಕರಗಿಸಲು ವಾದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಎರಡು ಸಂಗತಿಗಳು. ಬ್ಲೂಸ್ಪೆಕ್ ಕಂಪೈಲರ್ ಕೊನೆಗೆ ಹೊರಹಾಕುವುದು ವೆರಿಲಾಗ್ ಅನ್ನೇ ಆದ್ದರಿಂದ, ಮುಂದಿನ ಹಂತಗಳ ಹಳೆಯ ಉಪಕರಣಗಳನ್ನು ಬದಲಿಸಬೇಕಾಗಲಿಲ್ಲ. ಇನ್ನೊಂದು, ಸ್ವತಃ ಚಿಪ್: ಶಕ್ತಿಯ ‘ರೈಸ್‌ಕ್ರೀಕ್’ 2018ರಲ್ಲಿ ಇಂಟೆಲ್‌ನ 22 ನ್ಯಾನೋಮೀಟರ್ ತಂತ್ರದಲ್ಲಿ ತಯಾರಾಗಿ ಲಿನಕ್ಸ್ ನಡೆಸಿತು, ಅದೇ ವರ್ಷ ‘ರಿಮೋ’ ಮೊಹಾಲಿಯ ಸೆಮಿ-ಕಂಡಕ್ಟರ್ ಲ್ಯಾಬೊರೇಟರಿಯಲ್ಲಿ 180 ನ್ಯಾನೋಮೀಟರ್ ತಂತ್ರದಲ್ಲಿ ತಯಾರಾಯಿತು.

ಆದರೂ ಒಂದು ವಿಪರ್ಯಾಸ ಉಳಿದಿತ್ತು. ಪ್ರೊಸೆಸರಿನ ಮೂಲಪಠ್ಯ ಎಲ್ಲರಿಗೂ ಮುಕ್ತವಾಗಿದ್ದರೂ ಅದನ್ನು ವೆರಿಲಾಗ್‌ಗೆ ಇಳಿಸುವ ಕಂಪೈಲರ್ ಕಂಪನಿಯ ಸ್ವತ್ತಾಗಿತ್ತು, ಹಾಗಾಗಿ ಕುತೂಹಲಕ್ಕೆ ಒಮ್ಮೆ ಪ್ರಯತ್ನಿಸಿ ನೋಡುವವನಿಗೂ ಪರವಾನಗಿಯ ತೊಡಕಿತ್ತು. 2020ರಲ್ಲಿ ಕಂಪನಿ ಅದನ್ನು ಮುಕ್ತವಾಗಿ ಬಿಡುಗಡೆ ಮಾಡಿದಾಗ ಆ ತೊಡಕು ನೀಗಿತಾದರೂ, ದೋಷ ಹುಡುಕುವಾಗ ಕಂಪೈಲರ್ ಹೊರಹಾಕಿದ ವೆರಿಲಾಗ್ ಅನ್ನೇ ಬಿಡಿಸಿ ಓದಬೇಕಾದ ಸಂದರ್ಭಗಳು ಬರುವುದರಿಂದ, ಹಳೆಯ ಭಾಷೆಯನ್ನು ಮರೆಯುವ ಸ್ವಾತಂತ್ರ್ಯ ಯಾರಿಗೂ ಸಿಕ್ಕಿಲ್ಲ.