ಚಕ್ರ ತಿರುಗಿಸಿದ ನೀರು ಎಲ್ಲಿಗೆ ಹೋಯಿತು?

ಖೋಪೋಲಿ ಲೋಕಲ್‌ನ ಕೊನೆಯ ನಿಲ್ದಾಣದಲ್ಲಿ ಇಳಿದು ತಲೆಯೆತ್ತಿದರೆ ಘಟ್ಟದ ಮೈಮೇಲೆ ಇಳಿದುಬಂದ ದಪ್ಪ ಕೊಳವೆಗಳು ಕಾಣುತ್ತವೆ. ಮುಂಬಯಿಗೆ ಬಂದ ಹೊಸದರಲ್ಲಿ ಅವನ್ನು ನೋಡಿದಾಗ ನನಗೆ ನೆನಪಾದದ್ದು ಚಾರ್ಮಾಡಿ ಘಟ್ಟದ ಬುಡದಲ್ಲಿರುವ ಸೋದರಮಾವನ ತೋಟ.

ಅಲ್ಲಿ ಗುಡ್ಡದ ತೊರೆಯಿಂದ ಅಡಿಕೆ ಮರದ ದಂಬೆಯಲ್ಲಿ ಮನೆಗೆ ನೀರು ಬರುತ್ತಿತ್ತು. ಕರೆಂಟಿನ ಕಂಬ ಬರುವ ಲಕ್ಷಣ ಕಾಣದಾಗ ಮಾವ ಅದೇ ತೊರೆಗೆ ಪೈಪ್ ಹಾಕಿ ಪುಟ್ಟ ಟರ್ಬೈನ್ ಕೂರಿಸಿದರು. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಬಿದ್ದರೆ, ಪೈಪು-ಯಂತ್ರಗಳಲ್ಲಿ ಅರ್ಧ ಶಕ್ತಿ ಸೋರಿಹೋದರೂ ಸುಮಾರು 1 ಕಿಲೋವಾಟ್ ಸಿಗುತ್ತದೆ. ಮನೆಯ ದೀಪ, ಟಿವಿಗೆ ಅಷ್ಟು ಸಾಕು. ಮಿಕ್ಕಿದ್ದು ಬಚ್ಚಲಿನ ನೀರು ಕಾಯಿಸುತ್ತಿತ್ತು. ಮಳೆಗಾಲದಲ್ಲಿ ಪೈಪಿನ ಬಾಯಿಗೆ ತರಗೆಲೆ ಕಟ್ಟಿಕೊಂಡು ದೀಪ ಮಂಕಾದರೆ ನಡುರಾತ್ರಿಯಲ್ಲಿ ಟಾರ್ಚ್ ಹಿಡಿದು ಗುಡ್ಡ ಹತ್ತಬೇಕು. ರಜೆಯಲ್ಲಿ ಆ ಕೆಲಸ ನನ್ನದು. ಜಿಗಣೆಗಳನ್ನು ಇಂದಿಗೂ ಮರೆತಿಲ್ಲ. ದಕ್ಷಿಣ ಕನ್ನಡ, ಚಿಕ್ಕಮಗಳೂರು, ಕೊಡಗಿನ ಎಷ್ಟೋ ಒಂಟಿಮನೆಗಳು ಹೀಗೆಯೇ ಬೆಳಕು ಕಂಡವು.

ತೊಟ್ಟಿಲಿನಂಥ ಬಟ್ಟಲುಗಳಿರುವ ಆ ಚಕ್ರಕ್ಕೆ 1880ರಲ್ಲಿ ಅಮೆರಿಕದ ಲೆಸ್ಟರ್ ಪೆಲ್ಟನ್ ಪೇಟೆಂಟ್ ಪಡೆದಿದ್ದರು. ಖೋಪೋಲಿಯಲ್ಲಿ ತಿರುಗಿದ್ದೂ ಅದೇ ಜಾತಿಯ ಚಕ್ರ, ದೈತ್ಯ ಗಾತ್ರದ್ದು. ಲೋಣಾವಳದ ಕೆರೆಗಳ ನೀರು 500 ಮೀಟರ್‌ಗೂ ಹೆಚ್ಚು ಆಳಕ್ಕೆ ಧುಮುಕಿ, 1915ರಲ್ಲಿ ಟಾಟಾ ವಿದ್ಯುತ್ತು ಮುಂಬಯಿಯ ಗಿರಣಿಗಳಿಗೆ ಬಂತು. ಕನಸು ಕಂಡ ಜಮ್‌ಶೆಟ್‌ಜಿ 1904ರಲ್ಲೇ ತೀರಿಕೊಂಡಿದ್ದರು.

ನನಗೆ ಮುಖ್ಯವೆನಿಸುವುದು ಚಕ್ರದ ಗಾತ್ರವಲ್ಲ, ತಿರುಗಿಸಿದ ಮೇಲೆ ನೀರು ಹಿಡಿಯುವ ದಾರಿ. 1897ರಲ್ಲಿ ಡಾರ್ಜಿಲಿಂಗ್ ಬಳಿ 130 ಕಿಲೋವಾಟ್‌ನಿಂದ ನಮ್ಮ ಜಲವಿದ್ಯುತ್ ಶುರುವಾಯಿತು. 1902ರಲ್ಲಿ ಶಿವನಸಮುದ್ರ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟಿತು. ಅಲ್ಲಿ ನೀರು ಮತ್ತೆ ಕಾವೇರಿಗೇ ಸೇರಿತು. ಮಾವನ ತೋಟದಲ್ಲೂ ಅಷ್ಟೆ. “ನೀರು ನಮ್ಮದಲ್ಲ ಮಾರಾಯ, ಒಂದು ಸುತ್ತು ಕೆಲಸ ಮಾಡಿಸಿ ಬಿಡುವುದು” ಎನ್ನುತ್ತಿದ್ದರು. ಕೆಳಗಿನ ಮನೆಯವರ ತೋಟಕ್ಕೆ ಅದು ಹೋಗಲೇಬೇಕಿತ್ತು.

ಖೋಪೋಲಿಯಲ್ಲಿ ಹಾಗಲ್ಲ. ಲೋಣಾವಳದ ನೀರಿನ ಸಹಜ ದಾರಿ ಪೂರ್ವಕ್ಕೆ: ಇಂದ್ರಾಯಣಿಯಿಂದ ಭೀಮೆಗೆ, ಪಂಢರಪುರ ದಾಟಿ ವಿಜಯಪುರ, ಕಲಬುರಗಿಯ ಕಡೆಗೆ. ಅದನ್ನು ತಡೆದು ಪಶ್ಚಿಮಕ್ಕೆ ಇಳಿಸಿದ್ದರಿಂದ ಪಾತಾಳಗಂಗೆಯ ಮೂಲಕ ಅರಬ್ಬೀ ಸಮುದ್ರದ ಪಾಲಾಯಿತು. ಅದನ್ನೇ ನಂಬಿ ಈ ಕಡೆ ಊರು, ಕಾರ್ಖಾನೆಗಳು ಬೆಳೆದವು ಎಂಬುದೂ ನಿಜ. 1922ರಲ್ಲಿ ಭಿವಪುರಿ, 1927ರಲ್ಲಿ ಭಿರಾ ಕೇಂದ್ರಗಳೂ ಭೀಮೆಯ ಉಪನದಿಗಳನ್ನು ಹೀಗೆಯೇ ತಿರುಗಿಸಿದವು. ಭಿರಾಕ್ಕಾಗಿ ಮುಳುಗಲಿದ್ದ ಮುಳಶಿಯ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಸೇನಾಪತಿ ಬಾಪಟ್ ಜೈಲು ಕಂಡರು. ಅಣೆಕಟ್ಟು ನಿಲ್ಲಲಿಲ್ಲ. ಪಶ್ಚಿಮಕ್ಕೆ ತಿರುಗಿದ ಈ ನೀರಿನ ಲೆಕ್ಕ 1969ರಲ್ಲಿ ನೇಮಕವಾದ ಕೃಷ್ಣಾ ನ್ಯಾಯಮಂಡಳಿಯ ಮುಂದೆ ಬರಬೇಕಾಯಿತು.

ನಮ್ಮ ಕಟ್ಟಡದ ವಾಚ್‌ಮನ್ ಅಫಜಲಪುರ ತಾಲೂಕಿನವರು. “ಬ್ಯಾಸಿಗ್ಯಾಗ ಭೀಮಾ ಅಂದ್ರ ಬರೀ ಉಸುಕು ಸರ” ಎಂದು ಒಮ್ಮೆ ಹೇಳಿದ್ದರು. ಅವರ ಊರಿನ ಬರಕ್ಕೆಲ್ಲ ಇದೊಂದೇ ಕಾರಣವೆಂದರೆ ತಪ್ಪಾದೀತು. ನಡುವೆ ಉಜನಿಯಂಥ ಅಣೆಕಟ್ಟು, ಕಬ್ಬಿನ ಗದ್ದೆ ಎಷ್ಟೋ ಇವೆ. ಆದರೂ ಖೋಪೋಲಿಯಿಂದ ಬಂದ ಸಂಜೆ ಕೊಳವೆಗಳ ಕಥೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, “ಹಂಗಾದ್ರ ಈ ಲಿಫ್ಟಿನ್ಯಾಗ ನಮ್ಮ ನೀರೂ ಅದ ಏನ್ರಿ?” ಎಂದರು.

ಸ್ವಲ್ಪ ಇರಬಹುದು ಎಂದೆ.